ಆರ್ಕಿಡ್ ಸತ್ತರೆ ಕೈಗುಣ ಅಂತೀರಲ್ಲ, ಕುಂಡ ನೋಡಿದ್ದೀರಾ?

ಯುಗಾದಿಗೆ ಬೆಂಗಳೂರಿಂದ ಬಂದ ಅಕ್ಕನ ಮಗಳು ಕಾರಿಂದ ಮೊದಲು ಇಳಿಸಿದ್ದು ಬ್ಯಾಗಲ್ಲ, ಒಂದು ಹೂಕುಂಡ. "ಮಾವ, ಇದನ್ನೊಂದು ಉಳಿಸಿಕೊಡು" ಅಂದಳು. ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಫೆಲನಾಪ್ಸಿಸ್ ಆರ್ಕಿಡ್. ಉಳಿದಿದ್ದು ಮೂರೇ ಎಲೆ, ಅವೂ ಸುಕ್ಕುಗಟ್ಟಿ ಜೋತುಬಿದ್ದಿದ್ದವು. ಬಾಡಿದೆ ಅಂತ ದಿನಾ ನೀರು ಹಾಕಿದ್ದಾಳೆ. ಹಾಕಿದಷ್ಟೂ ಬಾಡಿದೆ. ಅತ್ತೆಮನೆಯಲ್ಲಿ "ಇವಳ ಕೈಗುಣವೇ ಸರಿಯಿಲ್ಲ" ಅಂತ ತೀರ್ಪೂ ಆಗಿದೆಯಂತೆ.

ಸಿಟ್ಟು ಬಂದು ಕುಂಡ ಎತ್ತಿ ನೋಡಿದೆ. ಹೊರಗಿನ ಪಿಂಗಾಣಿ ಕುಂಡಕ್ಕೆ ತೂತೇ ಇಲ್ಲ! ತಳದಲ್ಲಿ ಎರಡು ಬೆರಳು ನೀರು, ಚರಂಡಿ ವಾಸನೆ. ಒಳಗೆ ಇನ್ನೊಂದು ಪ್ಲಾಸ್ಟಿಕ್ ಕುಂಡ, ಅದರ ನಡುವೆ ನರ್ಸರಿಯಲ್ಲಿ ಬಿಗಿದು ತುಂಬಿದ ಪಾಚಿಯ ಮುದ್ದೆ. ಹಿಂಡಿದರೆ ನೀರು ಸುರೀತು. ಇದರಲ್ಲಿ ಆ ಹುಡುಗಿಯ ಕೈಗುಣ ಎಲ್ಲಿಂದ ಬಂತು ಸ್ವಾಮಿ?

"ಆರ್ಕಿಡ್‌ಗೆ ನೀರು ಕಡಿಮೆ ಹಾಕಿ" ಅಂತ ಎಲ್ಲರೂ ಉಪದೇಶ ಮಾಡ್ತಾರೆ. ಅರ್ಧ ಸತ್ಯ. ನಮ್ಮ ಅಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ, ಅದೂ ಆರ್ಕಿಡ್ಡೇ. ಮಲೆನಾಡಿನ ಮಳೆ ಮೂರು ತಿಂಗಳು ಅದರ ತಲೆ ಮೇಲೇ ಸುರಿಯುತ್ತೆ. ಒಂದು ಬೇರೂ ಕೊಳೆಯಲ್ಲ. ಯಾಕೆ? ಬಿದ್ದ ನೀರು ನಿಲ್ಲಲ್ಲ, ಬೇರಿನ ಸುತ್ತ ಗಾಳಿ ಆಡುತ್ತೆ. ಇವು ಮಣ್ಣಿನ ಗಿಡಗಳಲ್ಲ, ಮರದ ತೊಗಟೆ ಹಿಡಿದು ಬದುಕುವಂಥವು. ಬೇರಿನ ಮೇಲೊಂದು ಬಿಳಿ ಪದರ ಇರುತ್ತೆ, ನೀರು ಸಿಕ್ಕ ತಕ್ಷಣ ಹೀರಿಕೊಳ್ಳುತ್ತೆ. ಅದನ್ನು ತಿಂಗಳುಗಟ್ಟಲೆ ನೀರಲ್ಲಿ ಅದ್ದಿಟ್ಟರೆ ಉಸಿರುಕಟ್ಟಿ ಕೊಳೆಯುತ್ತೆ. ಬೇರು ಹೋದ ಮೇಲೆ ಕುಡಿಯೋದು ಯಾರು? ಬುಡ ನೀರಲ್ಲಿದ್ದರೂ ಎಲೆ ಬಾಯಾರಿ ಸುಕ್ಕಾಗುತ್ತೆ. ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಿ ಮಳೆಗಾಲದಲ್ಲೇ ಕಾಳುಮೆಣಸು ಸೊರಗೋದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮಾಡಿದ್ದು ಇಷ್ಟು. ಗಿಡ ಹೊರತೆಗೆದು ಪಾಚಿಯನ್ನೆಲ್ಲ ಬಿಡಿಸಿದೆ. ಕತ್ತರಿಯ ಅಲಗನ್ನು ಬೆಂಕಿಗೆ ಹಿಡಿದು, ಒತ್ತಿದರೆ ಟೊಳ್ಳಾಗಿ ನೂಲಿನಂತೆ ಸುಲಿಯುವ ಬೇರುಗಳನ್ನೆಲ್ಲ ಕತ್ತರಿಸಿದೆ. ಗಟ್ಟಿಯಾಗಿದ್ದವು ಎರಡೇ. ಎಲೆಗಳ ನಡುವಿನ ಸುಳಿ ಕೊಳೆತಿರಲಿಲ್ಲ. ಅದು ಹೋಗಿದ್ದರೆ ನಾನೂ ಕೈಚೆಲ್ಲುತ್ತಿದ್ದೆ. ಒಣಗುತ್ತಿದ್ದ ಹೂದಂಡನ್ನೂ ತೆಗೆದೆ, ಅವಳು ಮುಖ ಸಣ್ಣ ಮಾಡಿಕೊಂಡರೂ. ಒಂದು ದಿನ ನೆರಳಲ್ಲಿ ಹಾಗೇ ಆರಲು ಬಿಟ್ಟು, ಮೈತುಂಬ ತೂತಿರುವ ಚಿಕ್ಕ ಮಣ್ಣಿನ ಕುಂಡದಲ್ಲಿ ಇದ್ದಿಲು, ಇಟ್ಟಿಗೆ ಚೂರು, ನೆನೆಸಿ ತೊಳೆದ ತೆಂಗಿನ ಸಿಪ್ಪೆ ತುಂಡುಗಳ ನಡುವೆ ಕೂರಿಸಿದೆ. ಕೊಕೊಪೀಟ್ ಪುಡಿ ಬೇಡ, ಅದು ಮತ್ತೆ ಅದೇ ಸ್ಪಂಜು. ನಾಲ್ಕು ದಿನ ಬಿಟ್ಟು ನೀರು. ಆಮೇಲೆ ಬೇರು ನೋಡಿ ನೀರು: ಬೆಳ್ಳಿಬಣ್ಣಕ್ಕೆ ತಿರುಗಿದರೆ ಹಾಕೋದು, ಹಸಿರಾಗಿದ್ದರೆ ಸುಮ್ಮನಿರೋದು. ಹಾಕುವಾಗ ಚೆನ್ನಾಗಿ ಹರಿಯುವಷ್ಟು ಹಾಕಬೇಕು, ಸುಳಿಯಲ್ಲಿ ಮಾತ್ರ ನಿಲ್ಲಬಾರದು.

ಈ ಮಧ್ಯೆ ಅವಳಿಗೆ ಬಂದ ಸಲಹೆಗಳು ನೋಡಿ. ಗೊಬ್ಬರ ಹಾಕು, ಟಾನಿಕ್ ಸಿಂಪಡಿಸು, ವಾರಕ್ಕೆ ಮೂರು ಐಸ್ ತುಂಡು ಇಡು! ಬೇರಿಲ್ಲದ ಗಿಡಕ್ಕೆ ಗೊಬ್ಬರ ಅಂದ್ರೆ ವಾಂತಿ ಮಾಡಿಕೊಳ್ಳೋ ಮಗುವಿಗೆ ಹೋಳಿಗೆ ತಿನ್ನಿಸಿದ ಹಾಗೆ. ಸೆಖೆಯ ನಾಡಿನ ಗಿಡಕ್ಕೆ ಐಸ್ ಯಾಕೆ ಅಂತ ಯಾರೂ ಕೇಳಲ್ಲ.

"ಇದು ಹೋದ್ರೆ ನಿಮ್ಮ ಹಲಸಿನ ಮರದ್ದೇ ಒಂದು ಕಿತ್ತುಕೊಡು ಮಾವ" ಅಂದಳು. ಕೊಡಲ್ಲ ಅಂದೆ. ಮಗಳ ಸಮಾನದವಳು, ಬೇಜಾರಾಯ್ತು, ಆದರೂ ಕೊಡಲ್ಲ. ಮಲೆನಾಡಿಗೆ ಬಂದವರೆಲ್ಲ ಒಂದೊಂದು ಬುಡ ಕಿತ್ತು ಕಾರಿನ ಡಿಕ್ಕಿಗೆ ಹಾಕ್ತಾರೆ. ಅಪಾರ್ಟ್‌ಮೆಂಟಿನ ತೂತಿಲ್ಲದ ಕುಂಡದಲ್ಲಿ ಅದೂ ಕೊಳೆಯುತ್ತೆ, ಮುಂದಿನ ವರ್ಷ ಇನ್ನೊಂದು ಕೀಳೋಕೆ ಬರ್ತಾರೆ. ಮಾರುವವರಾದರೂ ಕುಂಡಕ್ಕೊಂದು ತೂತು ಕೊರೆದು ಕೊಡೋಕೆ ಏನು ಧಾಡಿ? ಗಿಡ ಸತ್ತಷ್ಟೂ ಹೊಸದು ಖರ್ಚಾಗುತ್ತೆ ಅಂತಲೇ?

ಈಗ ಜೂನ್. ಹಲಸಿನ ಮರದಲ್ಲಿ ಸೀತಾಳೆ ಹೂಬಿಟ್ಟಿದೆ. ಜಗಲಿಯಲ್ಲಿ ತೂಗುಹಾಕಿದ ಆರ್ಕಿಡ್‌ನ ಮೂರರಲ್ಲಿ ಒಂದೆಲೆ ಉದುರಿತು. ಆದರೆ ಬುಡದಲ್ಲಿ ಹೊಸ ಬೇರು ಹೊರಟಿದೆ, ತುದಿ ಹಸಿರು, ಹೆಸರುಕಾಳಿನಷ್ಟು. ಫೋಟೋ ಕಳಿಸಿದೆ. "ಅತ್ತೆಗೂ ತೋರಿಸ್ದೆ" ಅಂತ ಉತ್ತರ ಬಂತು. ಹೂವಿಗೆ ಇನ್ನೊಂದು ವರ್ಷವೋ ಹೆಚ್ಚೋ ಕಾಯಬೇಕು. ಆ ಪಿಂಗಾಣಿ ಕುಂಡದಲ್ಲಿ ನನ್ನಾಕೆ ಸೌಟು ಇಡ್ತಾಳೆ.