14 ದಿನದ ವಿಳಾಸ

ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಷ್ಟು ಕಾಲವೂ, ಖಾತೆ ತೆರೆಯಲು ಬಂದವರನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಹೆಸರು, ಎರಡನೆಯದು ವಿಳಾಸ. ಆ ಎರಡನೆಯ ಪ್ರಶ್ನೆಗೆ ಉತ್ತರವೇ ಇಲ್ಲದ ಮನೆಯೊಂದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಮಗಳ ಮನೆಗೆ ಹೋಗಿದ್ದಾಗ ಕಂಡೆ. ಅದು ಕಾಲುವೆಯ ಮೇಲೆ ತೇಲುವ ಮನೆ. ಮೊಮ್ಮಗಳ ತರಗತಿಯ ಎಂಟು ವರ್ಷದ ಹುಡುಗಿಯೊಬ್ಬಳು ತಾಯಿಯೊಂದಿಗೆ ಅದರಲ್ಲಿ ಇದ್ದಾಳೆ. ಮೊಮ್ಮಗಳು ಕರೆಯುವುದನ್ನು ಕೇಳಿ ಅವಳೂ ನನ್ನನ್ನು ‘ಅಜ್ಜ’ ಎಂದೇ ಕರೆಯುತ್ತಾಳೆ. ಅವರ ಅಂಚೆಯೆಲ್ಲ ಬರುವುದು ಮಗಳ ಮನೆಗೆ.

ಇದಕ್ಕೆ ನ್ಯಾರೋಬೋಟ್ ಎನ್ನುತ್ತಾರೆ. ಅಗಲ ಏಳು ಅಡಿಗೂ ಒಂದೆರಡು ಅಂಗುಲ ಕಡಿಮೆ, ಅಂದರೆ ನಮ್ಮ ಸಿಟಿ ಬಸ್ಸಿಗಿಂತ ಕಿರಿದು. ಉದ್ದ ಮಾತ್ರ 70 ಅಡಿಯವರೆಗೂ ಇರುತ್ತದೆ, ಇವರದು 50. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ಹಿಂದೆ ದಾಟಬೇಕು. ನನಗೆ ಅದೂ ಕಷ್ಟವಾಯಿತು.

ಕುಡಿಯುವ ನೀರನ್ನು ದಡದ ನಲ್ಲಿಯಿಂದ ಪೈಪು ಹಾಕಿ ಟ್ಯಾಂಕಿಗೆ ತುಂಬಿಸಿಕೊಳ್ಳಬೇಕು. ಮುಗಿದರೆ ಮುಂದಿನ ನಲ್ಲಿಯವರೆಗೆ ದೋಣಿ ಓಡಿಸಬೇಕು. ಹಾಗಾಗಿ ಆ ಹುಡುಗಿ ಹಲ್ಲುಜ್ಜುವಾಗ ನಲ್ಲಿ ತಿರುಗಿಸುವುದನ್ನು ನೋಡಬೇಕು, ಮಕ್ಕಳೇ, ಹನಿ ಲೆಕ್ಕ! ಕರೆಂಟು ಚಾವಣಿಯ ಸೋಲಾರ್‌ನಿಂದ, ಇಲ್ಲವೇ ಎಂಜಿನ್ನಿನಿಂದ ಬ್ಯಾಟರಿಗೆ. ಚಳಿಗೆ ಕಲ್ಲಿದ್ದಲ ಒಲೆ. ಶೌಚಾಲಯದ ಪೆಟ್ಟಿಗೆಯನ್ನು ಹೊತ್ತೊಯ್ದು ಅದಕ್ಕೆಂದೇ ಇರುವ ಜಾಗದಲ್ಲಿ ಬರಿದು ಮಾಡುವುದು ತಾಯಿಯ ಕೆಲಸ. ಮೂಗು ಮುಚ್ಚಿಕೊಳ್ಳಬೇಡಿ, ಯಾರಾದರೂ ಮಾಡಲೇಬೇಕಲ್ಲ. ಆಕೆ ವೃದ್ಧಾಶ್ರಮವೊಂದರಲ್ಲಿ ದುಡಿಯುತ್ತಾಳೆ. ಊರಿನ ಮನೆ ಬಾಡಿಗೆ ಕೈಗೆಟುಕದೆ ದೋಣಿ ಕೊಂಡವಳು.

ಕಷ್ಟ ಇದ್ಯಾವುದೂ ಅಲ್ಲ. ಸ್ವಂತ ತಂಗುದಾಣವಿಲ್ಲದ ದೋಣಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು 1995ರ ಕಾಯ್ದೆ ಹೇಳುತ್ತದೆ. ಅಕ್ಕಪಕ್ಕ ಸರಿದಾಡಿದರೂ ಸಾಲದು, ನಿಜವಾಗಿ ಸಂಚರಿಸುತ್ತಿರಬೇಕು. ಇಲ್ಲವಾದರೆ ಪರವಾನಗಿಗೇ ಸಂಚಕಾರ; ಪರವಾನಗಿ ಹೋದರೆ ಮನೆಯೂ ಹೋದಂತೆ. ಆದರೆ ಶಾಲೆಗೆ ಚಕ್ರವಿಲ್ಲ, ತಳದಲ್ಲಿ ನೀರೂ ಇಲ್ಲ. ತಾಯಿ ಒಂದು ನೋಟ್‌ಬುಕ್ಕಿನಲ್ಲಿ ಯಾವ ತಾರೀಕು ಎಲ್ಲಿ ನಿಂತೆವು, ಎಷ್ಟು ಮೈಲಿ ಹೋದೆವು ಎಂದು ಬರೆದಿಡುತ್ತಾಳೆ. ಒಂದು ಚಿತ್ತು ಕಾಟಿಲ್ಲದ ಆ ಲೆಡ್ಜರನ್ನು ಯಾವ ಆಡಿಟರೂ ಮೆಚ್ಚಬೇಕು.

ಹದಿನಾಲ್ಕನೆಯ ದಿನ ಶನಿವಾರವಾಗಿತ್ತು. ನಾನೂ ಜೊತೆಗೆ ಹೊರಟೆ. ಫಾರ್ಮರ್ಸ್ ಬ್ರಿಡ್ಜ್‌ನಲ್ಲಿ ಕಾಲುವೆ ಇಳಿಜಾರಿಗೆ ಬರುತ್ತದೆ. ನೀರು ಇಳಿಜಾರಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ಮೆಟ್ಟಿಲಿನಂತೆ 13 ಲಾಕ್‌ಗಳಿವೆ. ಲಾಕ್ ಎಂದರೆ ಎರಡು ಕಡೆ ಗೇಟಿರುವ ಕಲ್ಲಿನ ತೊಟ್ಟಿ. ತುಂಬಿದ ತೊಟ್ಟಿಯೊಳಕ್ಕೆ ದೋಣಿ ಬಂತು. ಹಿಂದಿನ ಗೇಟು ಮುಚ್ಚಿದೆವು. ಹುಡುಗಿ ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಕೆಳಗಿನ ಗೇಟಿನ ಕಿಂಡಿ ತೆರೆದಳು. ನೀರು ಭೋರೆಂದು ಮುಂದಕ್ಕೆ ಹರಿಯಿತು. ತಾಯಿಯೊಡನೆ ದೋಣಿಯೂ ನನ್ನ ಕಣ್ಣೆದುರೇ ಬಾವಿಗಿಳಿದಂತೆ ಇಳಿಯಿತು. ‘ಅಮ್ಮ, ಮುಂದೆ ಮುಂದೆ!’ ಎಂದು ಹುಡುಗಿ ಕೂಗಿದಳು. ಹಿಂದಿನ ಗೇಟಿನ ಕೆಳಗೆ ನೀರಡಿಯಲ್ಲಿ ಕಲ್ಲಿನ ಹೊಸ್ತಿಲಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮೂತಿ ಕೆಳಗಾಗಿ ಮುಳುಗಿಬಿಡಬಹುದು. ಎಂಟು ವರ್ಷದವಳ ಕಣ್ಣು ಕೊನೆಯವರೆಗೂ ಆ ಗೋಡೆಯ ಬಿಳಿ ಗೆರೆಯ ಮೇಲೇ ಇತ್ತು.

ಕೆಳಗಿನ ಗೇಟನ್ನು ನಾನು ಬೆನ್ನು ಕೊಟ್ಟು ನೂಕಿದೆ. ಅಲುಗಲಿಲ್ಲ. ‘ಕಾಯಿರಿ ಅಜ್ಜ’ ಎಂದಳು. ಎರಡೂ ಕಡೆ ನೀರು ಸಮವಾದ ಮೇಲೆ ಗೇಟು ಬಾಗಿಲಿನಂತೆ ತೆರೆಯಿತು. ಎಂಜಿನ್ನಿಲ್ಲ, ಕರೆಂಟಿಲ್ಲ, ನೀರಿನ ಭಾರವಷ್ಟೇ. ಒಂದು ಸಲಕ್ಕೆ ಸುಮಾರು ಒಂದು ಲಕ್ಷ ಲೀಟರು ನೀರು ಕೆಳಗಿಳಿಯುತ್ತದೆ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮೊದಲಾದವರು ಲಾಕ್‌ಗಳನ್ನು ಏಳಡಿಗೆ ಕಿರಿದು ಮಾಡಿದ್ದರಿಂದ ನೀರೂ ಹಣವೂ ಉಳಿದವು, ದೋಣಿಗಳೂ ಇಷ್ಟು ಕಿರಿದಾದವು. ಹದಿಮೂರನ್ನೂ ದಾಟುವಷ್ಟರಲ್ಲಿ ನನ್ನ ಸೊಂಟ ಹದಿನಾಲ್ಕನೆಯ ಲಾಕ್ ಆಗಿತ್ತು.

ಹಿಂದೆ ಕುದುರೆಗಳು ಈ ದೋಣಿಗಳನ್ನು ದಡದಿಂದ ಎಳೆಯುತ್ತಿದ್ದವು. ಕಲ್ಲಿದ್ದಲು ತುಂಬಿದ ದೋಣಿಯ ಹಿಂದಿನ ಹತ್ತಡಿ ಕೋಣೆಯಲ್ಲೇ ಇಡೀ ಸಂಸಾರ. ಆ ಮಕ್ಕಳು ಊರಿಂದೂರಿಗೆ ಹೋಗುತ್ತ ಓದು ಕಲಿಯದೇ ಬೆಳೆದರು. ಜಾರ್ಜ್ ಸ್ಮಿತ್ ಎಂಬವರು ಅವರಿಗಾಗಿ ಹೋರಾಡಿದ್ದರಿಂದ 1877ರಲ್ಲಿ ಕಾಯ್ದೆ ಬಂತು. ಆದರೆ ಸರಕು ಹೊತ್ತ ದೋಣಿ ಶಾಲೆಯ ಗಂಟೆಗೆ ಕಾಯುವುದುಂಟೆ?

ನಾನು ಊರಿಗೆ ಹೊರಡುವ ಹಿಂದಿನ ವಾರ ಮಗಳ ಮನೆಗೆ ಅವರ ಹೆಸರಿನ ಲಕೋಟೆ ಬಂತು. ನಾನೇ ಕಾಲುವೆ ದಂಡೆಗೆ ಒಯ್ದು ಕೊಟ್ಟೆ. ಪರವಾನಗಿ ವರ್ಷದ ಬದಲು ಆರು ತಿಂಗಳಿಗೆ ಸಿಕ್ಕಿತ್ತು. ಇನ್ನೂ ದೂರ ಸಂಚರಿಸಬೇಕೆಂಬ ಷರತ್ತಿತ್ತು. ತಾಯಿ ಅದನ್ನು ಎರಡು ಸಲ ಓದಿ, ಮಾತಾಡದೆ ನೋಟ್‌ಬುಕ್ಕಿನೊಳಗಿಟ್ಟಳು. ಹುಡುಗಿ ಆಗಲೇ ಮೇಜಿನ ಮೇಲೆ ನಕಾಶೆ ಬಿಡಿಸಿ, ಕಾಲುವೆಯುದ್ದಕ್ಕೂ ಬೆರಳು ಎಳೆಯುತ್ತಿದ್ದಳು.

‘ಶಾಲೆಗೆ ಇಲ್ಲಿಂದಾದರೆ ಎರಡು ಬಸ್ಸು, ಅಜ್ಜ. ಇದರಾಚೆಯಿಂದ ಮೂರು.’