ಹಟ್ಟಿಯ ಲಾಭ: ಗಣಿಯದೆಷ್ಟು, ಪೇಟೆಯದೆಷ್ಟು?

2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸ್, ಅಂದರೆ ಸುಮಾರು 31 ಗ್ರಾಂ ಚಿನ್ನದ ಬೆಲೆ 4,000 ಡಾಲರ್ ದಾಟಿತು. ಇಂಥ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಲಾಭ ಮಾಡದಿದ್ದರೇ ಆಶ್ಚರ್ಯ. ಆದರೆ ಆ ಲಾಭದಲ್ಲಿ ಗಣಿಯ ದುಡಿಮೆಯಿಂದ ಬಂದದ್ದೆಷ್ಟು, ಪೇಟೆ ಕೊಟ್ಟದ್ದೆಷ್ಟು ಎಂದು ಬೇರ್ಪಡಿಸಿ ನೋಡಲೇಬೇಕು.

ಲಿಂಗಸುಗೂರು ತಾಲ್ಲೂಕಿನ ಈ ರಾಜ್ಯ ಸರ್ಕಾರಿ ಕಂಪನಿ ದೇಶದ ಮಟ್ಟಿಗೆ ದೊಡ್ಡದು, ಜಗತ್ತಿನ ಮಟ್ಟಿಗೆ ತೀರ ಚಿಕ್ಕದು. ಜಗತ್ತಿನ ಗಣಿಗಳು ವರ್ಷಕ್ಕೆ 3,000 ಟನ್‌ಗೂ ಹೆಚ್ಚು ಚಿನ್ನ ತೆಗೆದರೆ ಹಟ್ಟಿಯದು ಒಂದೂವರೆ ಟನ್ ಆಸುಪಾಸು. ಬೆಲೆಯ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ. ಅದರ ಕೈಯಲ್ಲಿರುವುದು ಖರ್ಚು ಮಾತ್ರ.

ಆ ಖರ್ಚು ಕಲ್ಲಿನ ಲೆಕ್ಕದಲ್ಲಿ ಆಗುತ್ತದೆ, ಆದಾಯ ಚಿನ್ನದ ಲೆಕ್ಕದಲ್ಲಿ ಬರುತ್ತದೆ. ಒಂದು ಟನ್ ಅದಿರಿನಲ್ಲಿ 3 ಗ್ರಾಂ ಚಿನ್ನವಿದ್ದು ಅದರ ಶೇ 90ರಷ್ಟು ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. 10 ಗ್ರಾಂ ಚಿನ್ನಕ್ಕೆ ಸುಮಾರು 3.7 ಟನ್ ಅದಿರು ಬೇಕು. ಅದೇ 3 ಗ್ರಾಂ 2 ಗ್ರಾಂಗೆ ಇಳಿದರೆ ಐದೂವರೆ ಟನ್ ಬೇಕು. ಸಿಡಿಸುವುದು, ಮೇಲೆತ್ತುವುದು, ಪುಡಿ ಮಾಡುವುದು, ಸಯನೈಡ್ ದ್ರಾವಣದಲ್ಲಿ ಕರಗಿಸುವುದು ಯಾವುದೂ ಟನ್ ಲೆಕ್ಕದಲ್ಲಿ ಅಗ್ಗವಾಗುವುದಿಲ್ಲ. ಹೀಗಾಗಿ ಗ್ರಾಂ ಚಿನ್ನದ ವೆಚ್ಚ ಒಮ್ಮೆಲೇ ಅರ್ಧದಷ್ಟು ಏರುತ್ತದೆ. ನೀರೆತ್ತುವ ಪಂಪು, ಗಾಳಿ ಹಾಯಿಸುವ ಫ್ಯಾನು, ಶಾಫ್ಟಿನ ಎತ್ತುಯಂತ್ರಗಳಂತೂ ಚಿನ್ನ ಬಂದರೂ ಬಾರದಿದ್ದರೂ ವಿದ್ಯುತ್ ಬೇಡುತ್ತಲೇ ಇರುತ್ತವೆ.

ವೆಚ್ಚ ಏರಿತೆಂದ ಕೂಡಲೇ ದುಂದು ಎನ್ನುವುದೂ ಸರಿಯಲ್ಲ. ಬೆಲೆ ಚೆನ್ನಾಗಿರುವಾಗ ಬಡ ಅದಿರನ್ನು ತೆಗೆದು, ಸತ್ವವುಳ್ಳ ಅದಿರನ್ನು ಕಷ್ಟಕಾಲಕ್ಕೆ ಉಳಿಸಿಕೊಳ್ಳುವುದು ವಿವೇಕವೇ. ಸತ್ವವುಳ್ಳದ್ದನ್ನೇ ಆರಿಸಿ ತೆಗೆದು, ಮುಂದಿನ ಸುರಂಗಗಳ ಕೆಲಸ ನಿಲ್ಲಿಸಿದ ಗಣಿಯ ವೆಚ್ಚ ಕಾಗದದ ಮೇಲೆ ಅಂದವಾಗಿ ಕಾಣುತ್ತದೆ. ಅಂಥ ಗಣಿ ಕೆಲವೇ ವರ್ಷಗಳಲ್ಲಿ ಬರಿದಾಗುತ್ತದೆ. ಹಾಗಾಗಿ ವೆಚ್ಚವನ್ನು ಅದಿರಿನ ಸತ್ವ ಮತ್ತು ಸುರಂಗದ ಪ್ರಗತಿಯ ಪಕ್ಕದಲ್ಲಿಟ್ಟೇ ಓದಬೇಕು.

ಹೊರದೇಶಗಳ ಕಂಪನಿಗಳೂ ಬಹುಕಾಲ ದಿನದ ಖರ್ಚನ್ನಷ್ಟೇ ತೋರಿಸಿ ಲಾಭ ಹೇಳುತ್ತಿದ್ದವು. ಬೆಲೆ ಜೋರಾಗಿ ಕುಸಿದ 2013ರಲ್ಲೇ ವಿಶ್ವ ಚಿನ್ನ ಮಂಡಳಿ ಹೊಸ ಲೆಕ್ಕವೊಂದನ್ನು ಮುಂದಿಟ್ಟಿತು. ಯಂತ್ರಗಳ ನವೀಕರಣ, ಮುಂದಿನ ಹಂತದ ಸುರಂಗಗಳು, ನಡೆಯುತ್ತಿರುವ ಗಣಿಯಲ್ಲಿನ ಶೋಧ, ಕಚೇರಿ ಖರ್ಚು ಎಲ್ಲವನ್ನೂ ಸೇರಿಸಿ ಔನ್ಸಿಗೆ ಎಷ್ಟು ಬಿತ್ತೆಂದು ಹೇಳುವ ಕ್ರಮ ಅದು. ಗಣಿಯ ನಿಜವಾದ ಆರೋಗ್ಯ ತಿಳಿಯುವುದು ಅಲ್ಲಿಯೇ.

ಕೋಲಾರದ ನೆನಪು ನಮಗಿರಬೇಕು. ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆಗ ಔನ್ಸ್ ಚಿನ್ನದ ಬೆಲೆ 270 ಡಾಲರ್ ಆಸುಪಾಸಿನಲ್ಲಿತ್ತು. ಹತ್ತೇ ವರ್ಷಗಳಲ್ಲಿ ಅದು 1,900 ಡಾಲರ್ ಮುಟ್ಟಿತು. ಬೆಲೆಯೊಂದೇ ಆ ಗಣಿಯನ್ನು ಉಳಿಸುತ್ತಿತ್ತೆಂದು ನಾವು ಹೇಳುವುದಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕ ಆಳ, ಅಲ್ಲಿನ ಕಾವು, ಬಂಡೆ ಸಿಡಿತ, ಸತ್ವ ಬತ್ತಿದ ಅದಿರು ಎಲ್ಲವೂ ಅದನ್ನು ಹಣ್ಣು ಮಾಡಿದ್ದವು. ಆದರೂ ಗಣಿಯ ಕಷ್ಟವನ್ನು ಆ ಹೊತ್ತಿನ ಬೆಲೆಯಲ್ಲಿ ಅಳೆದದ್ದರ ಪೆಟ್ಟು ಬಿದ್ದದ್ದು ಸಾವಿರಾರು ಕಾರ್ಮಿಕ ಕುಟುಂಬಗಳ ಮೇಲೆ.

ಹಟ್ಟಿಯ ಲಾಭದ ಅಂಕಿಯ ಜೊತೆಗೆ ಗ್ರಾಂ ಚಿನ್ನದ ಪೂರ್ಣ ವೆಚ್ಚ, ಅದಿರಿನ ಸರಾಸರಿ ಸತ್ವ, ವರ್ಷದಲ್ಲಿ ಕೊರೆದ ಹೊಸ ಸುರಂಗದ ಉದ್ದ ಈ ಮೂರನ್ನೂ ಸರ್ಕಾರ ಪ್ರತಿವರ್ಷ ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟಿಸಲಿ. ಬೆಲೆಯ ಏರಿಕೆಯೊಂದರಿಂದಲೇ ಬಂದ ಹಣದ ದೊಡ್ಡ ಪಾಲು ಬೊಕ್ಕಸಕ್ಕೆ ಲಾಭಾಂಶವಾಗಿ ಹೋಗುವ ಮೊದಲು ಶೋಧಕ್ಕೆ, ಶಾಫ್ಟುಗಳಿಗೆ, ಕಾರ್ಮಿಕರ ಸುರಕ್ಷತೆಗೆ ಮೀಸಲಾಗಲಿ. ವೇತನದ ಮಾತುಕತೆಗೆ ಕೂರುವಾಗ ಆಡಳಿತದ ಮುಂದಿರುವ ಅಂಕಿಗಳೇ ಕಾರ್ಮಿಕ ಸಂಘದ ಮುಂದೆಯೂ ಇರಲಿ.