ಪರದೆಯ ಮೇಲಿನ ಹಿಟ್ಟಿನ ಕೋಳಿ

ಕಂಪ್ಯೂಟರಿನ ಕಾಲ್ಪನಿಕ ಸಾಹಸದ ಆಟಗಳಲ್ಲಿ ಆಡುವವನು ಮೊದಲು ಮಾಡಬೇಕಾದ ಕೆಲಸ ತನ್ನ ಪಾತ್ರದ ವರ್ಗವನ್ನು ಆರಿಸಿಕೊಳ್ಳುವುದು. ಯೋಧನೋ, ಕಳ್ಳನೋ, ಮಾಂತ್ರಿಕನೋ, ಗಾಯ ವಾಸಿಮಾಡುವವನೋ ಎಂಬುದು ಅಲ್ಲಿಯೇ ನಿರ್ಣಯವಾಗಬೇಕು. ಶ್ರಾವಕರ ಮನೆಗಳಲ್ಲಿ ಈ ಆಟಗಳ ಮಾತು ಬಂದಾಗ ತಾಯಿತಂದೆಯರು ಒಂದು ಸಮಾಧಾನ ಹೇಳಿಕೊಳ್ಳುವುದುಂಟು: "ಹುಡುಗ ಕತ್ತಿ ಹಿಡಿಯುವುದಿಲ್ಲ, ಶುಶ್ರೂಷೆ ಮಾಡುವ ಪಾತ್ರವನ್ನೇ ಆರಿಸಿಕೊಂಡಿದ್ದಾನೆ." ಈ ಸಮಾಧಾನ ವಿಚಾರಕ್ಕೆ ನಿಲ್ಲತಕ್ಕದ್ದಲ್ಲ.

ಈ ವರ್ಗಗಳ ಮೂಲ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ, ಮೇಜಿನ ಸುತ್ತ ಕುಳಿತು ಆಡುವ ಆಟ. ಅದರಲ್ಲಿ ಮೊದಲಿಗಿದ್ದುವು ಯೋಧ, ಮಾಂತ್ರಿಕ, ಧರ್ಮಗುರು ಎಂಬ ಮೂರೇ ವರ್ಗಗಳು. ಧರ್ಮಗುರುವಿಗೆ ಅಲಗುಳ್ಳ ಆಯುಧ ನಿಷಿದ್ಧ, ಗದೆ ಹಿಡಿಯಬಹುದು! ಕೊಯ್ಯಬಾರದು, ಜಜ್ಜಬಹುದು ಎಂಬ ಈ ವ್ರತವನ್ನು ಯಾವ ಶ್ರಾವಕಾಚಾರವೂ ಒಪ್ಪಲಾರದು. 1987ರಲ್ಲಿ ಜಪಾನಿನಲ್ಲಿ ಬಂದ 'ಫೈನಲ್ ಫ್ಯಾಂಟಸಿ'ಯಲ್ಲಿ ಆರು ವರ್ಗಗಳಿಂದ ನಾಲ್ವರ ತಂಡವನ್ನು ಕಟ್ಟಬೇಕು. ಅವುಗಳಲ್ಲೊಂದು ಬಿಳಿಯ ಮಾಂತ್ರಿಕನದು. ಗಾಯ ಮಾಯಿಸುವುದು ಅವನ ಮುಖ್ಯ ವಿದ್ಯೆ. ಆದರೆ ತಂಡವು ವೈರಿಯನ್ನು ಕೊಂದಾಗ ದೊರೆಯುವ 'ಅನುಭವ'ದ ಅಂಕಗಳು ಬದುಕಿ ಉಳಿದವರೆಲ್ಲರಿಗೂ ಸಮವಾಗಿ ಹಂಚಿಕೆಯಾಗುತ್ತವೆ. ಕತ್ತಿ ಬೀಸಿದವನಿಗೆಷ್ಟೋ ಗಾಯ ಕಟ್ಟಿದವನಿಗೂ ಅಷ್ಟೇ. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಶಾಸ್ತ್ರವು ಎಣಿಸುವುದನ್ನು ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ಆಟದ ಯಂತ್ರವೇ ಅರಿತಿರುವುದನ್ನು ಹಿರಿಯರು ಮರೆಯುವುದು ಸೋಜಿಗ.

"ಸಾಯುವುದು ಬೆಳಕಿನ ಚುಕ್ಕಿಗಳು, ಅಲ್ಲಿ ಜೀವವೆಲ್ಲಿದೆ?" ಎಂಬುದು ಎರಡನೆಯ ಸಮಾಧಾನ. ಇದಕ್ಕೆ ಜನ್ನ ಕವಿ 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿಯೇ ಉತ್ತರವಿದೆ. ಜೀವಂತ ಪ್ರಾಣಿಯನ್ನು ಬಲಿಕೊಡಲೊಲ್ಲದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ. ಅದರಲ್ಲಿ ಜೀವವಿರಲಿಲ್ಲ, ಕಡಿಯುವ ಸಂಕಲ್ಪವಿತ್ತು. ಮಗ ನವಿಲಾಗಿ, ತಾಯಿ ನಾಯಾಗಿ ತೊಡಗಿದ ಆ ಭವಾವಳಿ ಸಂಕಲ್ಪದ ಫಲ. ಪರದೆಯ ಕೊಲೆಯೂ ನಿಜವಾದ ಕೊಲೆಯೂ ಒಂದೇ ತೂಕದವೆಂದು ಯಾರೂ ವಾದಿಸಬೇಕಾಗಿಲ್ಲ. ಆದರೆ ದ್ರವ್ಯಹಿಂಸೆ ಇಲ್ಲವೆಂದ ಮಾತ್ರಕ್ಕೆ ಭಾವಹಿಂಸೆ ಇಲ್ಲವಾಗದು. ಯಶೋಧರ ಅಳುಕುತ್ತ ಒಮ್ಮೆ ಕಡಿದ. ಹುಡುಗ ಹಿಗ್ಗುತ್ತ ಒಂದೇ ಸಂಜೆ ನೂರು ಬಾರಿ ಕಡಿಯುತ್ತಾನೆ. ಹಿಂಸೆಯಲ್ಲಿ ಹಿಗ್ಗುವ ಚಿತ್ತವನ್ನು ರೌದ್ರಧ್ಯಾನವೆನ್ನುತ್ತಾರೆ. ಕಳ್ಳನ ಪಾತ್ರವನ್ನು ಆರಿಸಿ ಕದ್ದು ಹಿಗ್ಗುವುದೂ ಅದರ ಮತ್ತೊಂದು ಭೇದವೇ.

ಇನ್ನು ಕೆಲವರು ಚಾವುಂಡರಾಯನನ್ನು ಎಳೆದು ತರುತ್ತಾರೆ. ಗೊಮ್ಮಟನನ್ನು ನಿಲ್ಲಿಸಿದವನು ಗಂಗರ ಸೇನಾಪತಿಯಲ್ಲವೆ, ಯೋಧನ ಪಾತ್ರದಲ್ಲಿ ದೋಷವೇನು? ನಾಡು ಕಾಯುವವನ ವಿರೋಧೀ ಹಿಂಸೆಯನ್ನು ಗೃಹಸ್ಥಧರ್ಮ ಸಹಿಸಿದೆ, ನಿಜ. ಈ ಆಟಗಳ ಯೋಧನಾದರೋ ತನ್ನ ಮಟ್ಟ ಏರಲೆಂದು ಕಾಡುಮೇಡುಗಳಲ್ಲಿ ಪ್ರಾಣಿಗಳನ್ನು ಹುಡುಕಿಕೊಂಡು ಅಲೆಯುತ್ತಾನೆ. ಇದು ಸಂಕಲ್ಪೀ ಹಿಂಸೆ, ಅಣುವ್ರತಿಯೂ ಬಿಡಲೇಬೇಕಾದದ್ದು.

ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಹೊರತಂದ 'ಅಲ್ಟಿಮಾ'ದ ನಾಲ್ಕನೆಯ ಭಾಗದಲ್ಲಿ ವರ್ಗಗಳ ಪಟ್ಟಿಯೇ ಇಲ್ಲ. ಕಣಿ ಹೇಳುವವಳೊಬ್ಬಳು ಧರ್ಮಸಂಕಟದ ಪ್ರಶ್ನೆಗಳನ್ನು ಕೇಳುತ್ತಾಳೆ. ಸತ್ಯ, ಕರುಣೆ, ತ್ಯಾಗ, ವಿನಯ ಮೊದಲಾದ ಎಂಟು ಗುಣಗಳಲ್ಲಿ ಯಾವುದರತ್ತ ಉತ್ತರಗಳು ಒಲಿಯುತ್ತವೆಯೋ ಅದರಂತೆ ವರ್ಗ ನಿರ್ಣಯವಾಗುತ್ತದೆ. ವಿನಯಕ್ಕೆ ಒಲಿದವನು ಕುರಿಕಾಯುವವನಾಗುತ್ತಾನೆ. ಅಲ್ಲಿಯೂ ಕಾದಾಟ ಉಂಟು. ಆದರೂ ಓಡಿಹೋಗುವ ನಿರುಪದ್ರವಿ ಪ್ರಾಣಿಯನ್ನು ಬಿಟ್ಟುಕೊಟ್ಟರೆ ಗುಣ ಏರುತ್ತದೆ. 2015ರ 'ಅಂಡರ್‌ಟೇಲ್' ಎಂಬ ಆಟವನ್ನು ಯಾರೊಬ್ಬರನ್ನೂ ಕೊಲ್ಲದೆ ಮುಗಿಸಬಹುದು. ಗಳಿಸಿದ ಅಂಕವೆಲ್ಲ ಕೊಲೆಯ ಲೆಕ್ಕವೆಂದು ಕೊನೆಯ ಹೊತ್ತಿಗೆ ಅದೇ ಬಾಯಿಬಿಟ್ಟು ಹೇಳುತ್ತದೆ. ಇವನ್ನು ರಚಿಸಿದವರು ಜೈನರಲ್ಲ ಎಂಬುದನ್ನು ಸಮಾಜ ಗಮನಿಸಬೇಕು.

ಹಿಂಸೋಪಕರಣಗಳನ್ನು ಕೊಡುವುದನ್ನು ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಹುಟ್ಟುಹಬ್ಬಕ್ಕೆ ಆಟ ಕೊಡಿಸುವ ತಂದೆ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, ಆ ಆಟದಲ್ಲಿ ಮಟ್ಟ ಏರುವುದು ಯಾವುದರಿಂದ ಎಂದು ಕೇಳಬೇಕು. ಬಸದಿಯ ಟ್ರಸ್ಟುಗಳು ಬೇಸಿಗೆಯ ಶಿಬಿರಗಳಲ್ಲಿ ಹಿಟ್ಟಿನ ಕೋಳಿಯ ಕಥೆ ಹೇಳಿಸುವಾಗ ಇದೇ ಪ್ರಶ್ನೆಯನ್ನು ಮಕ್ಕಳ ಮುಂದಿಡಲಿ. ಉತ್ತರ ಅವರಿಗೆ ಈಗಾಗಲೇ ಗೊತ್ತಿರುತ್ತದೆ.